ಗೂಟದ ಕಾರು ಮತ್ತು ಊರಿನ ಕಣ್ಣು

ಸರ್ಕಾರದ ಸ್ವತ್ತುಗಳಲ್ಲಿ ಜನರ ಕಣ್ಣಿಗೆ ದಿನಾ ಬೀಳುವುದು ಅಧಿಕಾರಿಯ ವಾಹನ. ಕಚೇರಿಯೊಳಗೆ ಯಾವ ಕಡತ ಎಲ್ಲಿ ಕೊಳೆಯುತ್ತಿದೆ ಎಂಬುದು ಹೊರಗಿನವರಿಗೆ ಗೊತ್ತಾಗದು. ಆದರೆ ತಹಶೀಲ್ದಾರರ ಜೀಪು ಭಾನುವಾರ ಕಲ್ಯಾಣ ಮಂಟಪದ ಮುಂದೆ ನಿಂತಿದ್ದರೆ ಎದುರಿನ ಚಹಾದಂಗಡಿಗೇ ಗೊತ್ತು. ಆದ್ದರಿಂದಲೇ ಊರಿನ ಟೀಕಾಕಾರರು, ಅವರು ವಾರಪತ್ರಿಕೆಯ ಸಂಪಾದಕರಿರಲಿ, ಸೋತ ಪುರಸಭಾ ಸದಸ್ಯರಿರಲಿ, ನಿವೃತ್ತ ಗುಮಾಸ್ತರಿರಲಿ, ಅಧಿಕಾರದ ಲೆಕ್ಕ ಕೇಳಲು ಹೊರಟಾಗ ಮೊದಲು ಕೈಯಿಡುವುದು ವಾಹನಕ್ಕೆ. ಈ ರೂಢಿ ಮೋಟಾರು ಗಾಡಿಗಿಂತಲೂ ಹಳೆಯದು.

ಮೋಟಾರು ಬರುವ ಮುನ್ನ ಅಧಿಕಾರಿಯ ಪ್ರಯಾಣದ ಭಾರವನ್ನು ಅಕ್ಷರಶಃ ಹೊರುತ್ತಿದ್ದವರು ಹಳ್ಳಿಯವರು. ಕಂದಾಯದ ಸಾಹೇಬರು ಜಮಾಬಂದಿಗೆ ಹೊರಟರೆ ಡೇರೆ, ಪೆಟ್ಟಿಗೆ, ಅಡುಗೆ ಸಾಮಾನುಗಳಿಗೆ ಗಾಡಿ, ಎತ್ತು, ಆಳು ಒದಗಿಸುವ ಹೊಣೆ ದಾರಿಯಲ್ಲಿ ಸಿಗುವ ಊರುಗಳದ್ದು. ಮೊಕ್ಕಾಂ ಹೂಡಿದಲ್ಲಿ ಹುಲ್ಲು, ಸೌದೆ, ಹಾಲು, ಕೋಳಿ ಕೂಡ ಆ ಊರಿನವೇ. ಇದಕ್ಕೆಲ್ಲ ಕಾಗದದ ಮೇಲೆ ದರ ಇರುತ್ತಿತ್ತು. ಹಣ ರೈತನ ಕೈ ತಲುಪುವುದು ಮಾತ್ರ ನಡುವಿನ ಶಾನುಭೋಗ, ಶೇಕ್‌ದಾರರ ಮರ್ಜಿಗೆ ಬಿಟ್ಟದ್ದು. ಕನ್ನಡನಾಡಿನಲ್ಲಿ ಇದಕ್ಕೆ ಬಿಟ್ಟಿ ಎಂದರು, ಉತ್ತರದಲ್ಲಿ ಬೇಗಾರ್ ಎಂದರು.

ಈ ವ್ಯವಸ್ಥೆಯ ಮೇಲೆ ನಡೆದ ಅತ್ಯಂತ ಸ್ಪಷ್ಟವಾದ ದಾಳಿ ಹಿಮಾಲಯದ ಕುಮಾವೂಂನದು. ಅಲ್ಲಿ ಗಾಡಿ ಓಡುವ ದಾರಿಗಳಿಲ್ಲದ ಕಾರಣ ಅಧಿಕಾರಿಯ ಸರಂಜಾಮೆಲ್ಲ ಮನುಷ್ಯರ ಬೆನ್ನ ಮೇಲೆಯೇ ಬೆಟ್ಟ ಹತ್ತಬೇಕಿತ್ತು. ಇದಕ್ಕೆ ಕೂಲಿ ಉತಾರ್ ಎಂದು ಹೆಸರು. ಯಾವ ಮನೆಯಿಂದ ಯಾವಾಗ ಯಾರು ಬರಬೇಕು ಎಂಬುದಕ್ಕೆ ಪ್ರತಿ ಊರಿನ ಮುಖ್ಯಸ್ಥನ ಬಳಿ ಒಂದು ರಿಜಿಸ್ಟರ್ ಇರುತ್ತಿತ್ತು. ಅಲ್ಮೋರದ ಪತ್ರಕರ್ತ ಬದ್ರಿದತ್ತ ಪಾಂಡೆ ಈ ಪದ್ಧತಿಯ ಬೆನ್ನು ಹತ್ತಿದರು. ಅವರು ನಡೆಸುತ್ತಿದ್ದ ‘ಅಲ್ಮೋರ ಅಖ್ಬಾರ್’ ಜಿಲ್ಲೆಯ ಡೆಪ್ಯುಟಿ ಕಮಿಷನರನನ್ನು ಕೆಣಕಿ 1918ರಲ್ಲಿ ನಿಂತುಹೋಯಿತು. ಅದೇ ವರ್ಷ ‘ಶಕ್ತಿ’ ಎಂಬ ವಾರಪತ್ರಿಕೆ ಹುಟ್ಟಿತು. 1921ರ ಜನವರಿಯಲ್ಲಿ, ಸಂಕ್ರಾಂತಿಯ ಉತ್ತರಾಯಣಿ ಜಾತ್ರೆಗೆ ಬಾಗೇಶ್ವರದಲ್ಲಿ ಸೇರಿದ್ದ ಜನ ಕೂಲಿ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಮುಂದೆ ಆ ಪದ್ಧತಿ ಉಳಿಯಲಿಲ್ಲ. ಅಲ್ಲಿಯ ಜನ ಮುಗಿಬಿದ್ದದ್ದು ಪಲ್ಲಕ್ಕಿಯ ಮೇಲಲ್ಲ, ಪುಸ್ತಕದ ಮೇಲೆ ಎಂಬುದು ಗಮನಿಸಬೇಕಾದ್ದು. ಮುಂದಿನ ನೂರು ವರ್ಷದ ಟೀಕೆ ಬಹುಪಾಲು ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು.

ಮೋಟಾರು ಗಾಡಿ ಬಂದ ಮೇಲೆ ಟೀಕಾಕಾರರಿಗೆ ಒಂದು ಹೊಸ ಆಯುಧ ತಾನಾಗಿಯೇ ಸಿಕ್ಕಿತು. ಬ್ರಿಟಿಷ್ ಇಂಡಿಯಾದ 1914ರ ಮೋಟಾರು ವಾಹನ ಕಾಯ್ದೆ ವಾಹನಗಳ ನೋಂದಣಿಯನ್ನೂ ಚಾಲಕರ ಲೈಸೆನ್ಸನ್ನೂ ಕಡ್ಡಾಯ ಮಾಡಿತು. 1939ರ ಮತ್ತು 1988ರ ಕಾಯ್ದೆಗಳು ಅದನ್ನು ಬಿಗಿಗೊಳಿಸಿದವು. ಕುದುರೆಗೆ ನಂಬರು ಇರಲಿಲ್ಲ, ಕಾರಿಗೆ ಇತ್ತು. ನಂಬರು, ದಿನ, ಹೊತ್ತು, ಜಾಗ ಇಷ್ಟನ್ನು ಬರೆದುಕೊಂಡರೆ ಗಾಳಿಮಾತು ದೂರಾಗುತ್ತದೆ. ಕರ್ನಾಟಕದಲ್ಲಿ ಇಂದು ಸರ್ಕಾರಿ ವಾಹನಗಳ ನಂಬರಿನಲ್ಲಿ ಜಿಲ್ಲೆಯ ಸಂಖ್ಯೆಯ ನಂತರ ‘ಜಿ’ ಅಕ್ಷರ ಬರುವುದರಿಂದ ರಸ್ತೆಬದಿಯವರಿಗೂ ಗುರುತು ಸುಲಭ.

ಮೈಸೂರು ಸಂಸ್ಥಾನದಲ್ಲಿ ಅಧಿಕಾರಿಗಳ ನಡವಳಿಕೆಯ ಬಗ್ಗೆ ದನಿ ಎತ್ತಲು ಒಂದು ಜಾಗ ಮೊದಲೇ ಇತ್ತು. ದಿವಾನ್ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ದಸರಾ ಕಾಲದಲ್ಲಿ ಸೇರಿ ತಾಲ್ಲೂಕುಗಳ ಅಹವಾಲು ಕೇಳುತ್ತಿತ್ತು. ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲವಾದರೂ ದಿವಾನರ ಎದುರೇ ಅಮಲ್ದಾರನ ಮೇಲೆ ದೂರು ಹೇಳಬಹುದಿತ್ತು. ಪತ್ರಿಕೆಗಳಿಗೆ ಆ ಸಲಿಗೆ ಕಡಿಮೆ. 1908ರ ಪತ್ರಿಕಾ ನಿಬಂಧನೆ ಬಂದಾಗ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದ್ದರು.

ಆ ಕಾಲದಿಂದ ಕನ್ನಡಿಗರ ಬಾಯಲ್ಲಿ ಉಳಿದು ಬಂದಿರುವುದು ಟೀಕಾಕಾರನ ಕಥೆಯಲ್ಲ, ಅಧಿಕಾರಿಯ ಕಥೆ. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ, ಕೊಟ್ಟ ಮೇಲೆ ಸ್ವಂತ ಕಾರಿನಲ್ಲಿ ಮನೆಗೆ ಮರಳಿದರು ಎಂಬುದು ಶಾಲೆಯ ಮೇಷ್ಟ್ರುಗಳಿಂದ ಹಿಡಿದು ಚುನಾವಣಾ ಭಾಷಣಕಾರರವರೆಗೆ ಎಲ್ಲರೂ ಹೇಳುವ ಮಾತು. ಸರ್ಕಾರದ ಮೇಣದಬತ್ತಿ ಆರಿಸಿ ತಮ್ಮದನ್ನು ಹಚ್ಚಿದ ಪ್ರಸಂಗದ ಜೊತೆ ಇದೂ ಸೇರಿಕೊಂಡಿದೆ. ದಾಖಲೆಗಿಂತ ಹೆಚ್ಚು ಬಾಯಿಮಾತಿನಲ್ಲಿ ಬೆಳೆದ ಕಥೆಗಳು ಇವು. ಹೇಳುವವರ ಕಣ್ಣು ಮಾತ್ರ ದಿವಾನರ ಮೇಲಿರುವುದಿಲ್ಲ, ಕೇಳುತ್ತ ಕುಳಿತ ಈಗಿನ ಅಧಿಕಾರಿಯ ಮೇಲಿರುತ್ತದೆ. ಹೆಸರೆತ್ತದೆ ಬೈಯಲು ಇದು ಅನುಕೂಲದ ದಾರಿ.

ಜನರಿಂದ ಆರಿಸಿ ಬಂದ ಮಂತ್ರಿಗಳ ಕಾರಿನ ಪ್ರಶ್ನೆ ದೊಡ್ಡದಾಗಿ ಎದ್ದದ್ದು 1937ರಲ್ಲಿ. ಕಾಂಗ್ರೆಸ್ಸು 1931ರ ಕರಾಚಿ ಅಧಿವೇಶನದಲ್ಲಿ ಯಾವ ಸರ್ಕಾರಿ ನೌಕರನಿಗೂ ಸಾಮಾನ್ಯವಾಗಿ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಸಂಬಳ ಕೂಡದು ಎಂದು ನಿರ್ಣಯಿಸಿತ್ತು. ಪ್ರಾಂತಗಳಲ್ಲಿ ಅಧಿಕಾರ ಹಿಡಿದಾಗ ಮಂತ್ರಿಗಳು ಆ 500ಕ್ಕೇ ಒಪ್ಪಿದರು. ಅದರ ಮೇಲೆ ಮನೆ ಮತ್ತು ಕಾರಿನ ಭತ್ಯೆ ಬೇರೆ. ಧಾರವಾಡ, ಬೆಳಗಾವಿ, ವಿಜಾಪುರ ಸೇರಿದ್ದ ಮುಂಬೈ ಪ್ರಾಂತದಲ್ಲೂ, ಮಂಗಳೂರು, ಬಳ್ಳಾರಿ ಸೇರಿದ್ದ ಮದರಾಸಿನಲ್ಲೂ ಇದೇ ವ್ಯವಸ್ಥೆ. ಸಂಬಳದಲ್ಲಿ ಸರಳತೆ, ಭತ್ಯೆಯಲ್ಲಿ ಧಾರಾಳ ಎಂಬ ಈ ಏರ್ಪಾಡು ಸ್ವಾತಂತ್ರ್ಯಾನಂತರವೂ ಬದಲಾಗಲಿಲ್ಲ. ಸಂಬಳ ಎಲ್ಲರ ಬಾಯಲ್ಲಿರುತ್ತದೆ, ಕಾರಿನ ಖರ್ಚು ಇಲಾಖೆಯ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಸ್ವತಂತ್ರ ಭಾರತದ ಸರ್ಕಾರಿ ಕಾರು ಎಂದರೆ ಬಿಳಿ ಅಂಬಾಸಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಇದರ ತಯಾರಿಕೆ ಶುರುಮಾಡಿತು. ಹಿಂದಿನ ಸೀಟು ಅಗಲ, ಚಾವಣಿ ಎತ್ತರ. ಪೇಟ, ಟೋಪಿ ಇಟ್ಟವರೂ ಬಗ್ಗದೆ ಕೂರಬಹುದಿತ್ತು. ಹಳ್ಳಿ ದಾರಿಗೆ ತಾಳುತ್ತಿತ್ತು, ಕೆಟ್ಟರೆ ಯಾವ ಊರಿನ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸುತ್ತಿದ್ದ. ಸೀಟಿಗೆ ಬಿಳಿ ಟವೆಲ್, ಕಿಟಕಿಗೆ ಪರದೆ, ಮುಂದೆ ಡ್ರೈವರ್ ಪಕ್ಕದಲ್ಲಿ ಗನ್‌ಮ್ಯಾನ್. ವಿಧಾನಸೌಧದ ಮುಂದಿನ ಸಾಲಿನಲ್ಲಿ ಯಾರ ಕಾರು ಯಾವುದೆಂದು ಬಣ್ಣದಿಂದ ಹೇಳುವುದು ಅಸಾಧ್ಯವಿತ್ತು. ಎಲ್ಲರದೂ ಒಂದೇ ಕಾರಾಗಿದ್ದ ಕಾಲದಲ್ಲಿ ಕಾರಿನ ಬೆಲೆ ಟೀಕೆಯ ವಿಷಯವೇ ಆಗಲಿಲ್ಲ. ಯಾರು, ಯಾವ ಕೆಲಸಕ್ಕೆ ಬಳಸಿದರು ಎಂಬುದಷ್ಟೇ ಪ್ರಶ್ನೆ.

ಲಾಲ್ ಬಹಾದುರ್ ಶಾಸ್ತ್ರಿಯವರ ಹೆಸರಿನೊಂದಿಗೆ ಅಂಟಿಕೊಂಡ ಎರಡು ಪ್ರಸಂಗಗಳು ಈ ಕಾಲದವು. ಪ್ರಧಾನಿಯಾಗಿದ್ದಾಗ 1964ರಲ್ಲಿ ಮನೆಯವರಿಗಾಗಿ ಫಿಯಟ್ ಕಾರು ಕೊಳ್ಳಲು ಅವರು ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿದರು. ಸಾಲ ತೀರುವ ಮುನ್ನವೇ 1966ರಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡರು. ಉಳಿದದ್ದನ್ನು ಪತ್ನಿ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ಕಟ್ಟಿದರು. ಇನ್ನೊಂದು, ಮನೆಯವರೇ ಹೇಳಿಕೊಂಡದ್ದು. ಮಗ ಒಮ್ಮೆ ಸರ್ಕಾರಿ ಇಂಪಾಲಾ ಕಾರನ್ನು ಸ್ವಂತ ತಿರುಗಾಟಕ್ಕೆ ಒಯ್ದಿದ್ದು ತಿಳಿದು, ಶಾಸ್ತ್ರಿಯವರು ಡ್ರೈವರನ್ನು ಕರೆದು ಲಾಗ್‌ಬುಕ್ಕಿನಲ್ಲಿ ಎಷ್ಟು ಕಿಲೋಮೀಟರ್ ಬರೆದಿದೆ ಎಂದು ಕೇಳಿ, ಅದನ್ನು ಖಾಸಗಿ ಬಳಕೆ ಎಂದು ನಮೂದಿಸಿ ಹಣ ತುಂಬಿಸಿದರಂತೆ. ಇಲ್ಲಿ ಗಮನ ಸೆಳೆಯುವುದು ಅವರ ಪ್ರಾಮಾಣಿಕತೆಯೊಂದೇ ಅಲ್ಲ. ಪ್ರಧಾನಿಯ ಕಾರಿಗೂ ಒಂದು ಲಾಗ್‌ಬುಕ್ ಇತ್ತು, ಖಾಸಗಿ ಓಡಾಟಕ್ಕೆ ದರ ಕೊಡುವ ಪದ್ಧತಿಯೂ ಇತ್ತು.

ಆ ಪುಸ್ತಕದ ಸ್ವರೂಪ ಅಂದಿನಿಂದ ಇಂದಿನವರೆಗೆ ಹೆಚ್ಚು ಬದಲಾಗಿಲ್ಲ. ತಾರೀಕು, ಹೊರಟ ಹೊತ್ತು, ಎಲ್ಲಿಂದ ಎಲ್ಲಿಗೆ, ಯಾವ ಕೆಲಸಕ್ಕೆ, ಆರಂಭದ ಮೀಟರ್, ಕೊನೆಯ ಮೀಟರ್, ಓಡಿದ ಕಿಲೋಮೀಟರ್, ಹಾಕಿಸಿದ ಇಂಧನ, ಕೊನೆಯಲ್ಲಿ ಬಳಸಿದ ಅಧಿಕಾರಿಯ ಸಹಿ. ಕೇಂದ್ರದ ಸ್ಟಾಫ್ ಕಾರ್ ನಿಯಮಗಳೂ ರಾಜ್ಯಗಳ ಇಂಥವೇ ನಿಯಮಗಳೂ ಇದನ್ನು ಬಯಸುತ್ತವೆ. ಒಳ್ಳೆಯ ಲೆಕ್ಕಿಗನಿಗೆ ಈ ಕೆಲವೇ ಕಾಲಂಗಳು ಸಾಕು. ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು ಭಾಗಿಸಿದರೆ ಡೀಸೆಲ್ ಎಲ್ಲಿ ಸೋರಿತೆಂಬ ಸುಳಿವು ಸಿಗುತ್ತದೆ. ‘ಕಚೇರಿ ಕೆಲಸ’ ಎಂದು ಬರೆದ ದಿನ ರಜೆಯಿತ್ತೇ ಎಂದು ಕ್ಯಾಲೆಂಡರಿನಲ್ಲಿ ನೋಡಬಹುದು. ಅದೇ ದಿನಕ್ಕೆ ಅಧಿಕಾರಿ ಪ್ರಯಾಣ ಭತ್ಯೆಯನ್ನೂ ಪಡೆದಿದ್ದರೆ ಒಂದು ಪ್ರಯಾಣಕ್ಕೆ ಎರಡು ಖರ್ಚು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕುಳಿತು ತುಂಬಿಸಿದ ಪುಟಗಳು ಕೈಬರಹದಲ್ಲೇ ತಮ್ಮನ್ನು ಬಿಟ್ಟುಕೊಡುತ್ತವೆ.

ಹೀಗೆ ನಂಬರನ್ನು ದಾಖಲೆಗೆ ಹಿಡಿದು ನೋಡುವ ಸರಳ ಕೆಲಸ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಬಿಹಾರದ ಮೇವು ಹಗರಣ ತೋರಿಸಿತು. 1996ರ ಜನವರಿಯಲ್ಲಿ ಚಾಯಿಬಾಸಾದ ಪಶುಸಂಗೋಪನಾ ಇಲಾಖೆಯ ಮೇಲೆ ಡೆಪ್ಯುಟಿ ಕಮಿಷನರ್ ಅಮಿತ್ ಖರೆ ನಡೆಸಿದ ದಾಳಿಯೊಂದಿಗೆ ಅದು ಬಯಲಾಯಿತು. ದನ, ಮೇವು ಸಾಗಿಸಿದ ಲಾರಿಗಳೆಂದು ಬಿಲ್ಲುಗಳಲ್ಲಿದ್ದ ನಂಬರುಗಳನ್ನು ನೋಂದಣಿ ದಾಖಲೆಗೆ ಹೋಲಿಸಿದಾಗ ಅವುಗಳಲ್ಲಿ ಹಲವು ಸ್ಕೂಟರ್, ಆಟೊರಿಕ್ಷಾಗಳದ್ದಾಗಿದ್ದವು. ಕೋಟಿಗಟ್ಟಲೆ ಹಣದ ಪ್ರಕರಣದಲ್ಲಿ ಜನ ಮರೆಯದ ವಿವರ ಇಂದಿಗೂ ಸ್ಕೂಟರ್ ಮೇಲೆ ಪ್ರಯಾಣ ಮಾಡಿದ ದನಗಳೇ.

ಅಷ್ಟರಲ್ಲಿ ಊರವರ ಗಮನವನ್ನೆಲ್ಲ ಕಾರಿನ ನೆತ್ತಿಯ ದೀಪ ಹಿಡಿದಿಟ್ಟಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 108ನೆಯದು ಮುಂದಕ್ಕೆ ಕೆಂಪು ಬೆಳಕು ತೋರುವುದನ್ನು ನಿಷೇಧಿಸಿತ್ತಾದರೂ ಸರ್ಕಾರಗಳು ಹೆಸರಿಸುವ ಉನ್ನತ ಗಣ್ಯರಿಗೆ ವಿನಾಯಿತಿ ಕೊಟ್ಟಿತ್ತು. ಆ ಪಟ್ಟಿ ಮಾಡುವ ಕೆಲಸ ರಾಜ್ಯಗಳ ಕೈಗೂ ಬಂದದ್ದೇ ತಡ, ಪಟ್ಟಿ ಉದ್ದವಾಗುತ್ತ ಹೋಯಿತು. ಕನ್ನಡದಲ್ಲಿ ‘ಗೂಟದ ಕಾರು’ ಎಂಬುದು ಅಧಿಕಾರಕ್ಕೇ ಇನ್ನೊಂದು ಹೆಸರಾಯಿತು. ಸಂಪುಟ ವಿಸ್ತರಣೆಯ ಸುದ್ದಿಯಲ್ಲಿ ‘ಗೂಟದ ಕಾರಿನ ಕನಸು’ ಇಲ್ಲದೆ ಪತ್ರಿಕೆಗಳಿಗೆ ತಲೆಬರಹವೇ ಹೊಳೆಯುತ್ತಿರಲಿಲ್ಲ. ಮಂತ್ರಿಗಿರಿ ತಪ್ಪಿದ ಶಾಸಕರನ್ನು ನಿಗಮ, ಮಂಡಳಿಗಳ ಅಧ್ಯಕ್ಷರನ್ನಾಗಿ ಮಾಡಿ ಸಚಿವ ದರ್ಜೆ ಕೊಟ್ಟು ಸಮಾಧಾನಪಡಿಸುವ ರೂಢಿಯಲ್ಲಿ ಕಾರಿಗೆ ದೊಡ್ಡ ಪಾಲಿದೆ. ಅದಕ್ಕೂ ಮೊದಲು, ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಅವುಗಳ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತ್ತು. ಅಧಿಕಾರ ವಿಕೇಂದ್ರೀಕರಣದ ಜೊತೆಗೆ ಕಾರೂ ಜಿಲ್ಲೆಗಿಳಿಯಿತು, ಕಾರಿನ ಮೇಲಿನ ಕಣ್ಣೂ ಇಳಿಯಿತು. ಬೆಂಗಳೂರಿನಲ್ಲಿ ನೂರು ಕಾರುಗಳ ನಡುವೆ ಮರೆಯಾಗುವ ವಾಹನ ಜಿಲ್ಲಾ ಕೇಂದ್ರದಲ್ಲಿ ಮರೆಯಾಗುವುದಿಲ್ಲ.

ಚುನಾವಣೆಯ ಕಾಲಕ್ಕೆ ಈ ಕಣ್ಣಿಗೆ ಅಧಿಕೃತ ಬಲ ಬರುತ್ತದೆ. 1960ರಲ್ಲಿ ಕೇರಳದಲ್ಲಿ ಮೊಳೆತ ಮಾದರಿ ನೀತಿ ಸಂಹಿತೆಗೆ 1979ರಲ್ಲಿ ಆಳುವ ಪಕ್ಷದ ನಡವಳಿಕೆಯ ಭಾಗ ಸೇರಿತು. ಅಧಿಕೃತ ಪ್ರವಾಸವನ್ನು ಪ್ರಚಾರದೊಡನೆ ಬೆರೆಸಬಾರದು, ಪ್ರಚಾರಕ್ಕೆ ಸರ್ಕಾರಿ ವಾಹನ ಬಳಸಬಾರದು ಎಂದು ಅದು ಹೇಳುತ್ತದೆ. ದಿನಾಂಕ ಘೋಷಣೆಯಾದ ಸಂಜೆಯೇ ಮಂತ್ರಿಗಳು ಸರ್ಕಾರಿ ಕಾರು ಬಿಟ್ಟು ಖಾಸಗಿ ಕಾರು ಹತ್ತುವ ಚಿತ್ರ ಪತ್ರಿಕೆಗಳಿಗೆ ಐದು ವರ್ಷಕ್ಕೊಮ್ಮೆ ಬರುವ ಹಬ್ಬ. ಸಂಹಿತೆಯ ಉಲ್ಲಂಘನೆಯನ್ನು ಫೋಟೊ ಸಮೇತ ಕಳಿಸಲು ಚುನಾವಣಾ ಆಯೋಗ 2018ರಲ್ಲಿ ‘ಸಿ-ವಿಜಿಲ್’ ಎಂಬ ಮೊಬೈಲ್ ಆ್ಯಪ್ ಕೂಡ ತಂದಿತು.

ಕಾರಿನ ಆಡಂಬರದ ಮೇಲಿನ ಟೀಕೆ ಕಾನೂನಾಗಿ ಮಾರ್ಪಟ್ಟದ್ದು ಐದು ವರ್ಷಗಳ ಅಂತರದಲ್ಲಿ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟು ವಾಹನದ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಒಳಗೆ ಕುಳಿತವರು ಯಾರು ಎಂಬುದು ಹೊರಗಿನವರಿಗೆ ಮತ್ತೆ ಕಾಣತೊಡಗಿತು. 2013ರ ಡಿಸೆಂಬರ್ 10ರಂದು ಅಭಯ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಸಿ. ನಾಗಪ್ಪನ್ ಅವರ ಪೀಠ ಕೆಂಪು ದೀಪವನ್ನು ಸಾಂವಿಧಾನಿಕ ಹುದ್ದೆಯ ಉನ್ನತ ಗಣ್ಯರಿಗಷ್ಟೇ, ಅದೂ ಕರ್ತವ್ಯದಲ್ಲಿರುವಾಗ ಮಾತ್ರ ಸೀಮಿತಗೊಳಿಸಿತು. ರಾಜ್ಯಗಳು ಪಟ್ಟಿ ಮೊಟಕುಗೊಳಿಸಲು ಮೀನಮೇಷ ಎಣಿಸಿದವು. ಕೊನೆಗೆ 2017ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ಗಣ್ಯರ ವಿನಾಯಿತಿಯನ್ನೇ ಕಿತ್ತುಹಾಕಿತು. ಮೇ 1ರಿಂದ ರಾಷ್ಟ್ರಪತಿ, ಪ್ರಧಾನಿಯ ಕಾರಿಗೂ ಗೂಟವಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್‌ನಂಥ ತುರ್ತು ಸೇವೆಗಳಿಗೆ ಮಾತ್ರ ದೀಪ ಉಳಿಯಿತು. ಗೂಟ ಹೋದರೂ ‘ಗೂಟದ ಕಾರು’ ಎಂಬ ಮಾತು ಕನ್ನಡ ಪತ್ರಿಕೆಗಳಿಂದ ಹೋಗಿಲ್ಲ.

ದೀಪದ ಜಾಗವನ್ನು ಕಾರಿನ ಬೆಲೆ ತುಂಬಿತು. 2001ರ ಸಂಸತ್ ದಾಳಿಯ ನಂತರ ಪ್ರಧಾನಿ ಅಂಬಾಸಡರ್ ಬಿಟ್ಟು ಗುಂಡು ನಿರೋಧಕ ಬಿಎಂಡಬ್ಲ್ಯು ಹತ್ತಿದ್ದರು. ಅಂಬಾಸಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಎಲ್ಲರೂ ಒಂದೇ ಕಾರಿನಲ್ಲಿ ಕೂರುವ ಕಾಲ ಮುಗಿದದ್ದರಿಂದ ಯಾರಿಗೆ ಎಷ್ಟು ದೊಡ್ಡ ಕಾರು ಎಂಬ ಲೆಕ್ಕಾಚಾರ ಹುಟ್ಟಿತು. ಕರ್ನಾಟಕದಲ್ಲಿ 2016ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಾರಿನ ಮೇಲೆ ಕಾಗೆ ಕುಳಿತದ್ದು ದಿನಗಟ್ಟಲೆ ಟಿ.ವಿ. ಚರ್ಚೆಯಾಯಿತು. ಸ್ವಲ್ಪ ದಿನಗಳಲ್ಲೇ ಹೊಸ ಕಾರು ಬಂದದ್ದು ಅದಕ್ಕೆ ತುಪ್ಪ ಸುರಿಯಿತು. ಮೂಢನಂಬಿಕೆ ವಿರೋಧಿ ಮಸೂದೆಯ ಮಾತಾಡುತ್ತಿದ್ದ ಸರ್ಕಾರದ ಮುಖ್ಯಸ್ಥರು ಕಾಗೆಗೂ ಹೊಸ ಕಾರಿಗೂ ಸಂಬಂಧವಿಲ್ಲ ಎಂದರು. ಹಳೆಯ ಕಾರು ಎಷ್ಟು ಓಡಿತ್ತು, ಬದಲಿಸಲು ನಿಯಮ ಏನು ಹೇಳುತ್ತದೆ ಎಂಬ ಸಪ್ಪೆ ಪ್ರಶ್ನೆಗಳು ಕಾಗೆಯ ಗದ್ದಲದಲ್ಲಿ ಮುಳುಗಿದವು.

2023ರ ಆಗಸ್ಟಿನ ಪ್ರಕರಣದಲ್ಲಿ ಟೀಕೆಗೆ ಹೆಚ್ಚು ಗಟ್ಟಿಯಾದ ನೆಲ ಇತ್ತು. ಸಚಿವರಿಗಾಗಿ 33 ಇನ್ನೋವಾ ಹೈಕ್ರಾಸ್ ಕಾರುಗಳನ್ನು ಸುಮಾರು 9.9 ಕೋಟಿ ರೂಪಾಯಿಗೆ ಕೊಳ್ಳಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಒಂದಕ್ಕೆ 30 ಲಕ್ಷದಷ್ಟು. ಪಾರದರ್ಶಕ ಖರೀದಿಯ ರಾಜ್ಯ ಕಾಯ್ದೆಯ 4(ಜಿ) ವಿನಾಯಿತಿ ಬಳಸಿ, ಟೆಂಡರಿಲ್ಲದೆ, ಬಿಡದಿಯಲ್ಲಿ ಕಾರ್ಖಾನೆಯಿರುವ ಕಂಪನಿಯಿಂದಲೇ ನೇರವಾಗಿ ಕೊಳ್ಳುವುದು ಏರ್ಪಾಡು. ಮಳೆ ಕೈಕೊಟ್ಟ ವರ್ಷ ಅದು, ಮರು ತಿಂಗಳೇ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ವಿರೋಧ ಪಕ್ಷಗಳು ಬರ ಮತ್ತು ಕಾರನ್ನು ಜೋಡಿಸಿ ಟೀಕಿಸಿದವು. ಟೆಂಡರಿನ ವಿನಾಯಿತಿ ಏಕೆ ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯವಾದದ್ದು, ಚರ್ಚೆಯಾದದ್ದು ಮಾತ್ರ ಕಡಿಮೆ.

ಇಂಥ ಪ್ರಶ್ನೆಗಳಿಗೆ ಬೇಕಾದ ದಾಖಲೆ ಕೇಳುವ ಹಕ್ಕು ಬಂದದ್ದು ರಾಜಸ್ಥಾನದ ಹಳ್ಳಿಗಳಲ್ಲಿ ಮಜದೂರ್ ಕಿಸಾನ್ ಶಕ್ತಿ ಸಂಘಟನ್ 1994ರಿಂದ ನಡೆಸಿದ ಜನಸುನವಾಯಿ ಎಂಬ ಬಹಿರಂಗ ವಿಚಾರಣೆಗಳ ದಾರಿಯಲ್ಲಿ. ಕೂಲಿಯ ಹಾಜರಿ ಪಟ್ಟಿಯನ್ನು ಊರ ನಡುವೆ ಗಟ್ಟಿಯಾಗಿ ಓದಿಸಿದರೆ ಸತ್ತವರ ಹೆಸರಿಗೂ ಹಣ ಹೋದದ್ದು ಬಯಲಾಗುತ್ತಿತ್ತು. ಕರ್ನಾಟಕ 2000ದಲ್ಲೇ ತನ್ನದೊಂದು ಕಾಯ್ದೆ ಮಾಡಿತ್ತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಮಾಹಿತಿ ಹಕ್ಕು ಕಾಯ್ದೆ ಪೂರ್ಣವಾಗಿ ಜಾರಿಯಾಯಿತು. 10 ರೂಪಾಯಿ ಶುಲ್ಕ, 30 ದಿನದ ಗಡುವು. ಲಾಗ್‌ಬುಕ್ಕಿನ ನಕಲು ಮಾತ್ರವಲ್ಲ, ಕಚೇರಿಗೇ ಹೋಗಿ ಮೂಲ ಪುಸ್ತಕ ತಿರುವಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕನ್ನೂ ಕಾಯ್ದೆಯ ಸೆಕ್ಷನ್ 2(ಜೆ) ಕೊಡುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಅನುಭವಿ ಅರ್ಜಿದಾರರು ‘ವಾಹನ ದುರ್ಬಳಕೆಯ ವಿವರ ಕೊಡಿ’ ಎಂದು ಬರೆಯುವುದಿಲ್ಲ. ಇಂಥ ನಂಬರಿನ ವಾಹನದ ಇಂಥ ತಿಂಗಳ ಲಾಗ್‌ಬುಕ್, ಇಂಧನದ ಬಿಲ್ಲು, ಅಧಿಕಾರಿಯ ಪ್ರವಾಸ ದಿನಚರಿ ಎಂದು ಬೆರಳಿಟ್ಟು ಕೇಳುತ್ತಾರೆ.

ಉತ್ತರ ನಿರಾಕರಿಸುವ ದಾರಿಗಳೂ ಕಾಯ್ದೆಯಲ್ಲೇ ಇವೆ. ಜೀವಕ್ಕೆ ಅಪಾಯವಾಗುವ ಮಾಹಿತಿಗೆ ಇರುವ 8(1)(ಜಿ), ವೈಯಕ್ತಿಕ ಮಾಹಿತಿಗೆ ಇರುವ 8(1)(ಜೆ) ಹೆಚ್ಚು ಬಳಕೆಯಾಗುವಂಥವು. ಭದ್ರತೆ ಇರುವ ಗಣ್ಯರ ನಾಳೆಯ ಮಾರ್ಗವನ್ನು ಗುಟ್ಟಾಗಿಡುವುದು ಸರಿ. ಮುಗಿದ ವರ್ಷದ ಡೀಸೆಲ್ ಲೆಕ್ಕಕ್ಕೆ ಅದೇ ಕಾರಣ ಒಪ್ಪುವಂಥದ್ದಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 8(1)(ಜೆ)ಯನ್ನು ಇನ್ನಷ್ಟು ಅಗಲಗೊಳಿಸಿರುವುದರಿಂದ ಈ ಜಗ್ಗಾಟ ಮುಂದೆ ಹೆಚ್ಚಲಿದೆ.

ಹೊರನೋಟದ ಟೀಕೆಯೂ ಒಮ್ಮೊಮ್ಮೆ ಒಳಗಿನ ಕಡತದವರೆಗೆ ಹೋಗುತ್ತದೆ. ಪುಣೆಯಲ್ಲಿ 2024ರ ಜುಲೈನಲ್ಲಿ ತರಬೇತಿಯಲ್ಲಿದ್ದ ಐಎಎಸ್ ಅಧಿಕಾರಿಯೊಬ್ಬರು ಖಾಸಗಿ ಔಡಿ ಕಾರಿಗೆ ದೀಪ ಮತ್ತು ಮಹಾರಾಷ್ಟ್ರ ಸರ್ಕಾರದ ಫಲಕ ಹಾಕಿಕೊಂಡದ್ದು ಸುದ್ದಿಯಾಯಿತು. ಕಾರಿನ ಮೇಲೆ ಸಂಚಾರ ನಿಯಮ ಉಲ್ಲಂಘನೆಯ ದಂಡಗಳು ಬಾಕಿ ಇದ್ದದ್ದು ಹೊರಬಂತು, ಪೊಲೀಸರು ಕಾರು ವಶಪಡಿಸಿಕೊಂಡರು. ಅಲ್ಲಿಂದ ಮಾಹಿತಿ ಹಕ್ಕು ಕಾರ್ಯಕರ್ತರೂ ಪತ್ರಕರ್ತರೂ ನೇಮಕಾತಿಯ ದಾಖಲೆಗಳತ್ತ ತಿರುಗಿದರು. ಜುಲೈ 31ರಂದು ಕೇಂದ್ರ ಲೋಕಸೇವಾ ಆಯೋಗ ಅವರ ಅಭ್ಯರ್ಥಿತನವನ್ನೇ ರದ್ದುಪಡಿಸಿತು. ರದ್ದತಿಗೆ ಕಾರಣ ಕಾರಲ್ಲ, ಪರೀಕ್ಷೆಯ ಅರ್ಜಿಗಳಲ್ಲಿ ಕೊಟ್ಟ ವಿವರಗಳು.

ಈಚಿನ ವರ್ಷಗಳಲ್ಲಿ ಸರ್ಕಾರಿ ವಾಹನದ ಸ್ವರೂಪವೇ ಬದಲಾಗುತ್ತಿದೆ. 15 ವರ್ಷ ತುಂಬಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಹೊಸದನ್ನು ಕೊಳ್ಳುವ ಬದಲು ಅನೇಕ ಇಲಾಖೆಗಳು ಚಾಲಕ ಸಹಿತ ವಾಹನವನ್ನು ತಿಂಗಳ ಬಾಡಿಗೆಗೆ ಪಡೆಯುತ್ತವೆ. ಅದಕ್ಕೆ ‘ಜಿ’ ನಂಬರಿಲ್ಲ, ಆರ್‌ಸಿ ಬೇರೆಯವರ ಹೆಸರಿನಲ್ಲಿ. ಮುಂಗಾಜಿನ ಮೇಲೆ ಇಟ್ಟ ‘ಕರ್ನಾಟಕ ಸರ್ಕಾರ’ ಎಂಬ ಫಲಕ ಸಂಜೆಗೆ ಡಿಕ್ಕಿ ಸೇರಿದರೆ ಅದು ಯಾರದೋ ಕಾರು. ಚಹಾದಂಗಡಿಯ ಕಣ್ಣಿಗೆ ಇಂಥ ಕಾರು ಸಿಗುವುದಿಲ್ಲ. ಗುತ್ತಿಗೆದಾರನ ಮಾಸಿಕ ಬಿಲ್ಲಿನೊಡನೆ ಕಿಲೋಮೀಟರ್ ವಿವರ ಮತ್ತು ಬಳಸಿದ ಅಧಿಕಾರಿಯ ದೃಢೀಕರಣ ಲಗತ್ತಾಗಿರುತ್ತವೆ. ಬಿಲ್ಲು ಪಾಸಾದದ್ದು ಸರ್ಕಾರದ ಹಣದಿಂದ ಆದ್ದರಿಂದ ಅವೂ ಮಾಹಿತಿ ಹಕ್ಕಿನ ಅರ್ಜಿಗೆ ಒಳಪಡುವ ದಾಖಲೆಗಳೇ.